ಆಕೆಯ ಹೆಸರಿನ ಮಾತ್ರೆಗಳು

ಔಷಧ ಶುರು ಮಾಡುವ ಮುಂಚೆ ರೋಗಿಗೆ ಮೂರು ಸಲ ಪಾಠ ಹೇಳಬೇಕು ಎಂಬುದು ನಮ್ಮ ಕೇಂದ್ರದ ನಿಯಮವಾಗಿತ್ತು. ಆ ಪಾಠ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಎಚ್‌ಐವಿ ಔಷಧವನ್ನು ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ದೆಹಲಿಯ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ, ಹಳೆಯ ವಾರ್ಡೊಂದನ್ನು ಪ್ಲೈವುಡ್ಡಿನಿಂದ ಪಾಲು ಮಾಡಿ ನಮ್ಮ ಕೇಂದ್ರ ಮಾಡಿದ್ದರು. ನಾನು ಅಲ್ಲಿ ಕೌನ್ಸೆಲರ್. ನಾವಿದ್ದದ್ದು ಇಬ್ಬರು. ದೊಡ್ಡವರನ್ನು ನನ್ನ ಹಿರಿಯ ಸಹೋದ್ಯೋಗಿ ನೋಡಿಕೊಳ್ಳುತ್ತಿದ್ದರು, ಮಕ್ಕಳ ಸರತಿ ನನ್ನದು. ನನ್ನ ಕೋಣೆಗೆ ಬಾಗಿಲಿತ್ತು. ಅವರ ಕೋಣೆಗೆ ಇದ್ದದ್ದು ಬರೀ ಪರದೆ. ಪರದೆಯ ಆಚೆ ಬೆಂಚುಗಳ ಮೇಲೆ ಮುಂದಿನ ಸರತಿಯವರು ಕೂತಿರುತ್ತಿದ್ದರು, ಒಳಗಿನ ಮಾತೆಲ್ಲ ಅವರಿಗೆ ಕೇಳುತ್ತಿತ್ತು.

ಪಾಠ ಏನೆಂದರೆ, ಮೊದಲ ದಿನ ವೈರಸ್ಸು ಮೈಯಲ್ಲಿ ಏನು ಮಾಡುತ್ತದೆ, ರೋಗ ತಡೆಯುವ ಶಕ್ತಿಯನ್ನು ತೋರಿಸುವ ಸಿಡಿ-ಫೋರ್ ಎಣಿಕೆ ಎಂದರೇನು, ಔಷಧ ರೋಗವನ್ನು ಕಳೆಯುವುದಿಲ್ಲ, ಅಡಗಿಸಿಡುತ್ತದೆ ಎಂಬುದು. ಎರಡನೇ ದಿನ ಮಾತ್ರೆ ತೆಗೆದುಕೊಳ್ಳುವ ಕ್ರಮ. ಮೂರು ಔಷಧ ಸೇರಿಸಿದ ಒಂದೇ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು, ಬದುಕಿರುವವರೆಗೂ. ಆ ಮೂರರಲ್ಲಿ ಒಂದು ಔಷಧ ಚರ್ಮಕ್ಕೂ ಯಕೃತ್ತಿಗೂ ತೊಂದರೆ ಕೊಡಬಹುದಾದ್ದರಿಂದ ಮೊದಲ ಎರಡು ವಾರ ಒಂದು ಹೊತ್ತು ಅದಿಲ್ಲದ ಬೇರೆ ಮಾತ್ರೆ ಕೊಟ್ಟು, ಆಮೇಲೆ ಎರಡು ಹೊತ್ತಿಗೂ ಏರಿಸಬೇಕು. ಮೈಮೇಲೆ ಗುಳ್ಳೆ ಎದ್ದರೆ, ಕಣ್ಣು ಹಳದಿಯಾದರೆ ಕೂಡಲೇ ಬರಬೇಕು. ಡೋಸು ತಪ್ಪಿಸುತ್ತ ಹೋದರೆ ವೈರಸ್ಸಿಗೆ ಔಷಧ ರೂಢಿಯಾಗಿಬಿಡುತ್ತದೆ, ಆಮೇಲೆ ಅದು ನಾಟುವುದಿಲ್ಲ. ಮೂರನೇ ದಿನ ಇದನ್ನೆಲ್ಲ ರೋಗಿ ತಿರುಗಿ ಹೇಳಿ ಒಪ್ಪಿಸಬೇಕು. ಮೂರು ದಿನವೂ ಮನೆಯವರೊಬ್ಬರು ಜೊತೆಗಿರಲೇಬೇಕು. ಅಟೆಂಡೆಂಟ್ ಇಲ್ಲದಿದ್ದರೆ ಔಷಧ ಇಲ್ಲ.

ಒಂದು ದಿನ ಸಹೋದ್ಯೋಗಿ ಊಟಕ್ಕೆ ಕೂತಾಗ ಹೇಳಿದರು. "ನಿಮ್ಮ ಕರ್ನಾಟಕದವರು ಒಂದು ಜೋಡಿ ಬಂದಿದ್ದಾರೆ. ಹೆಂಡತಿಗೆ ಹಿಂದಿ ಒಂದಕ್ಷರ ಬರಲ್ಲ. ಆದರೆ ಗಂಡ ಎಂಥವನು ಅಂತೀರಿ. ನಾನು ಒಂದು ಮಾತು ಹೇಳಿದರೆ ಎರಡು ಪ್ರಶ್ನೆ ಕೇಳ್ತಾನೆ. ಗುಳ್ಳೆ ಎದ್ದರೆ ಅವತ್ತಿನ ಡೋಸು ತಗೋಬೇಕಾ ಬಿಡಬೇಕಾ ಅಂತ ಕೇಳಿದ. ಡಾಕ್ಟರುಗಳೂ ಕೇಳಲ್ಲ ಇಂಥದ್ದನ್ನ."

"ನಾನೇ ಕನ್ನಡದಲ್ಲಿ ಹೇಳಲಾ?" ಎಂದು ಕೇಳಿದೆ.

"ಬೇಡವಂತೆ. ಅವನೇ ಹೇಳಿದ, ನಮ್ಮ ರಾಜ್ಯದವರು ಬೇಡ, ಸುದ್ದಿ ಊರಿಗೆ ಹೋಗುತ್ತೆ ಅಂತ."

ಇದರಲ್ಲಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಲ್ಲಿ ಬರುತ್ತಿದ್ದವರಿಗೆ ರೋಗಕ್ಕಿಂತ ತಮ್ಮ ಊರಿನವರ ಭಯ ಹೆಚ್ಚಾಗಿತ್ತು. ರೋಗಿ ಬೇಡವೆಂದರೆ ನಾವು ಮೂಗು ತೂರಿಸುವಂತಿರಲಿಲ್ಲ. ಬೇಡವೆಂದದ್ದು ರೋಗಿಯಲ್ಲ, ರೋಗಿಯ ಗಂಡ ಎಂಬುದನ್ನು ಆ ಕೇಂದ್ರದಲ್ಲಿ ಯಾರೂ ಬೇರೆಯಾಗಿ ನೋಡುತ್ತಿರಲಿಲ್ಲ.

ಹೀಗೆ ಆಕೆಯ ಮೂರೂ ಪಾಠಗಳು ಮುಗಿದವು. ಸಹೋದ್ಯೋಗಿ ಹಿಂದಿಯಲ್ಲಿ ಹೇಳಿದರು, ಗಂಡ ಕನ್ನಡದಲ್ಲಿ ಹೆಂಡತಿಗೆ ಏನನ್ನೋ ಹೇಳಿದ, ಹೆಂಡತಿ ತಲೆಯಾಡಿಸಿದಳು. ಮೂರನೇ ದಿನ ಆಕೆಯ ಪರವಾಗಿ ಪಾಠ ಒಪ್ಪಿಸಿದ್ದೂ ಗಂಡನೇ. ಅದಕ್ಕೂ ಮುಂಚೆ ರಕ್ತಪರೀಕ್ಷೆಯ ಕೋಣೆಯಲ್ಲಿ ನಡೆದದ್ದೂ ಹೀಗೆಯೇ. ಔಷಧ ಶುರುವಾಯಿತು. ತಿಂಗಳು ತಿಂಗಳೂ ಬಂದರು. ಹಳೆಯ ಡಬ್ಬಿ ತಪ್ಪದೆ ತರುತ್ತಿದ್ದರು. ಉಳಿದ ಮಾತ್ರೆಗಳನ್ನು ಎಣಿಸಿದರೆ ಒಂದು ಡೋಸೂ ತಪ್ಪಿಲ್ಲ ಎಂದು ಲೆಕ್ಕ ಬರುತ್ತಿತ್ತು. ಸಹೋದ್ಯೋಗಿ ಬೇರೆ ಗಂಡಸರಿಗೆ ಈತನ ಉದಾಹರಣೆ ಕೊಡುತ್ತಿದ್ದರು.

ಬೇಸಿಗೆ ಬಂತು. ಸಹೋದ್ಯೋಗಿ ಮಗಳ ಮದುವೆಗೆಂದು ರಜೆ ಹಾಕಿದರು. ಅವರ ಸರತಿಯೂ ನನ್ನ ತಲೆಗೆ ಬಿತ್ತು. ಹಾಗಿರುವಾಗ ಒಂದು ದಿನ ಮುಖ್ಯ ವೈದ್ಯರು ನನ್ನನ್ನು ಕರೆದು ಆ ಕನ್ನಡದ ಹೆಂಗಸಿನ ಕಾರ್ಡು ಕೈಗಿತ್ತರು. ತೂಕ ಇಳಿಯುತ್ತಲೇ ಇತ್ತು. ಬಾಯಲ್ಲಿ ಬಿಳಿ ಪೊರೆ ಹಾಗೆಯೇ ಇತ್ತು. ಹೊಸದಾಗಿ ಕೆಮ್ಮು, ಸಂಜೆಯ ಜ್ವರ.

"ಔಷಧ ನಾಟುತ್ತಿಲ್ಲವೇನೋ" ಎಂದರು. "ಎಕ್ಸ್-ರೇ, ಕಫದ ಪರೀಕ್ಷೆ ಬರೆದಿದ್ದೇನೆ. ನೀವು ಇನ್ನೊಂದು ಸಲ ಮಾತ್ರೆ ಸರಿಯಾಗಿ ತಗೊಳ್ತಿದ್ದಾಳಾ ಕೇಳಿ ನೋಡಿ."

ನಾಟದಿದ್ದರೆ ಆಮೇಲೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊದಲ ಔಷಧ ಸೋತರೆ ಕೊಡಬಹುದಾದ ಎರಡನೆಯ ಔಷಧ ಆ ಕಾಲಕ್ಕೆ ನಮ್ಮ ಕಪಾಟಿನಲ್ಲಿ ಇರಲೇ ಇಲ್ಲ.

ಬೆಂಚಿನ ಮೇಲೆ ಅವರಿಬ್ಬರೂ ಕೂತಿದ್ದರು. ಗಂಡ ಗುಡಗಾಂವಿನ ಯಾವುದೋ ಕಂಪನಿಯಲ್ಲಿ ಕೆಲಸದಲ್ಲಿದ್ದವನು. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಫೋನು. ಮುಖದಲ್ಲಿ ಕಳೆ ಇತ್ತು. ಪಕ್ಕದಲ್ಲಿ ಆಕೆ, ಅಷ್ಟು ಸೆಕೆಯಲ್ಲೂ ಶಾಲು ಹೊದ್ದು ಗೋಡೆಗೆ ಒರಗಿದ್ದಳು. ನಾನು ಹಿಂದಿಯಲ್ಲಿಯೇ, ಎಕ್ಸ್-ರೇಗೆ ಹೋಗಬೇಕು, ನಾನೂ ಬರುತ್ತೇನೆ ಎಂದೆ. ಎಕ್ಸ್-ರೇ ಇದ್ದದ್ದು ಬೇರೆ ಕಟ್ಟಡದಲ್ಲಿ. ಅಲ್ಲಿ ಹೆಂಗಸರ ಸಾಲೇ ಬೇರೆ, ಕಬ್ಬಿಣದ ಗ್ರಿಲ್ಲಿನ ಒಳಗೆ. ಗಂಡಸರನ್ನು ಬಿಡುತ್ತಿರಲಿಲ್ಲ. ಆತ ಒಳಗೆ ಬರಲು ನೋಡಿದ. ಕಾವಲಿನ ಹೆಂಗಸು, "ಭಯ್ಯಾ, ಬಾಹರ್" ಎಂದು ತಡೆದಳು.

ಸಾಲಿನಲ್ಲಿ ಕೂತ ಮೇಲೆ ನಾನು ಕನ್ನಡದಲ್ಲಿ ಕೇಳಿದೆ. "ಎಷ್ಟು ದಿನದಿಂದ ಕೆಮ್ಮು?"

ಆಕೆ ತಿರುಗಿ ನನ್ನ ಮುಖ ನೋಡಿದಳು. "ನೀವು ಕನ್ನಡದವರಾ?"

"ಹೌದು. ಹಾಸನದ ಕಡೆ."

ಆಕೆ ನನ್ನ ಮುಂಗೈ ಹಿಡಿದುಕೊಂಡಳು. ಹಿಡಿದ ಕೈ ಬಿಸಿಯಾಗಿತ್ತು. "ಇಲ್ಲಿಗೆ ಬಂದ ಮೇಲೆ ಇವರನ್ನ ಬಿಟ್ಟರೆ ಯಾರ ಹತ್ರಾನೂ ಬಾಯಿ ತೆರೆದಿಲ್ಲ ಅಕ್ಕ. ಪೀತಂಪುರಾದಲ್ಲಿ ನಮ್ಮ ಮನೆ ಕೆಳಗಿನ ಆಂಟಿ ಬಂದು ಏನೇನೋ ಹೇಳ್ತಾರೆ. ನಾನು ಸುಮ್ನೆ ನಗ್ತೀನಿ."

ಪಾಠಕ್ಕೆ ತೋರಿಸಲೆಂದು ಮಾತ್ರೆಗಳ ಮಾದರಿಗಳನ್ನು ನಾವು ಒಂದು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಿದ್ದೆವು. ಅದು ನನ್ನ ಚೀಲದಲ್ಲಿತ್ತು. ತೆರೆದು ಅಂಗೈಯಲ್ಲಿ ಹರಡಿ, ಇದರಲ್ಲಿ ನೀವು ತಗೊಳ್ಳೋದು ಯಾವುದು, ಯಾವ ಹೊತ್ತಿಗೆ ತೋರಿಸಿ ಎಂದೆ. ಆಕೆ ತಡವರಿಸಲಿಲ್ಲ. ಕೆಂಪು ಮಾತ್ರೆ ಮುಟ್ಟಿದಳು. "ಇದು ಬೆಳಿಗ್ಗೆ. ರಕ್ತ ಕಮ್ಮಿ ಇದೆಯಲ್ಲ, ಅದಕ್ಕೆ." ಅದು ಕಬ್ಬಿಣಾಂಶದ ಮಾತ್ರೆ. ಆಮೇಲೆ ದೊಡ್ಡ ಬಿಳಿ ಮಾತ್ರೆ. "ಇದು ಊಟ ಆದ ಮೇಲೆ." ಅದು ಬೇರೆ ಸೋಂಕು ತಗುಲದಿರಲೆಂದು ಎಲ್ಲರಿಗೂ ಕೊಡುತ್ತಿದ್ದದ್ದು. ಮೂರನೆಯದನ್ನು, ಪಾಠವೆಲ್ಲ ಯಾವುದಕ್ಕಾಗಿಯೋ ಅದನ್ನು, ಆಕೆ ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಇದು ನಂದಲ್ಲ ಅಕ್ಕ. ಇದು ನಮ್ಮ ಮನೆಯವರ ಗ್ಯಾಸ್ಟ್ರಿಕ್ ಮಾತ್ರೆ. ಬೆಳಿಗ್ಗೆ ಒಂದು ಸಂಜೆ ಒಂದು ತಗೋತಾರೆ."

ನಾನು ಮತ್ತೊಮ್ಮೆ ಕೇಳಿದೆ. ಆಕೆ ಮತ್ತೊಮ್ಮೆ ಅದನ್ನೇ ಹೇಳಿದಳು, ನನಗೆ ಕಿವಿ ಮಂದವೇನೋ ಎಂಬಂತೆ ಸ್ವಲ್ಪ ಜೋರಾಗಿ.

"ನಿಮಗೆ ಏನು ಕಾಯಿಲೆ ಅಂತ ಹೇಳಿದ್ದಾರೆ?"

"ರಕ್ತ ಕಮ್ಮಿ ಅಂತ. ಅದಕ್ಕೇ ಇಷ್ಟು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಬರ್ತಾರೆ, ಆಫೀಸು ಬಿಟ್ಟು."

ಮೂರು ಪಾಠ ಹೇಳಿ, ಒಪ್ಪಿಸಿಕೊಂಡು, ಸಹಿ ಹಾಕಿಸಿಕೊಂಡಿದ್ದೆವು. ಪಾಠ ಸುಳ್ಳಾಗಿರಲಿಲ್ಲ. ಆತ ಅದನ್ನು ಅಕ್ಷರ ಅಕ್ಷರ ಕಲಿತಿದ್ದ. ತನಗಾಗಿ ಕಲಿತಿದ್ದ. ಗುಳ್ಳೆ ಎದ್ದರೆ ಏನು ಮಾಡಬೇಕೆಂದು ಅಷ್ಟು ಕಾಳಜಿಯಿಂದ ಕೇಳಿದ್ದು ತನ್ನ ಮೈಮೇಲಿನ ಗುಳ್ಳೆಗೆ.

ಎಕ್ಸ್-ರೇ ಸರತಿ ಇನ್ನೂ ದೂರವಿತ್ತು. ಆಕೆಯ ಪಕ್ಕದಲ್ಲಿದ್ದ ಹೆಂಗಸಿಗೆ ನೋಡಿಕೊಳ್ಳಿ ಎಂದು ಹೇಳಿ ಹಿಂದಿನ ಬಾಗಿಲಿನಿಂದ ಹೊರಟು ಮುಖ್ಯ ವೈದ್ಯರ ಕೋಣೆಗೆ ಬಂದೆ. ನಡೆದದ್ದನ್ನು ಹೇಳಿದೆ. ಅವರು ಕಾರ್ಡು ತಿರುಗಿಸಿ ನೋಡಿದರು.

"ಮಾತ್ರೆ ಎಣಿಕೆ ಸರಿಯಾಗಿಯೇ ಇದೆಯಲ್ಲ."

"ಸರ್, ಡಬ್ಬಿ ಖಾಲಿಯಾಗಿದೆ ಅನ್ನೋದಷ್ಟೇ ಎಣಿಕೆಯಲ್ಲಿ ಗೊತ್ತಾಗೋದು. ಯಾರು ನುಂಗಿದರು ಅಂತ ಗೊತ್ತಾಗಲ್ಲ."

"ದೇಖಿಯೇ ಮೇಡಂ, ಇದು ಗಂಡ ಹೆಂಡತಿ ವಿಷಯ. ಆತ ನಮ್ಮ ರೋಗಿಯಲ್ಲ. ಮುಂದಿನ ತಿಂಗಳು ನಿಮ್ಮ ಸಹೋದ್ಯೋಗಿ ಬರಲಿ, ಗಂಡನನ್ನು ಕೂರಿಸಿ ನಿಧಾನಕ್ಕೆ ಕೇಳೋಣ. ಹೆಂಡತಿಗೆ ಹೇಳೋದಿದ್ದರೆ ಗಂಡನ ಕೈಲೇ ಹೇಳಿಸೋಣ. ಅಟೆಂಡೆಂಟ್ ಇಲ್ಲದೆ ಪಾಠ ಹೇಳೋ ಹಾಗಿಲ್ಲ, ಗೊತ್ತಲ್ಲ ನಿಮಗೆ."

"ಅಟೆಂಡೆಂಟೇ ಕದ್ದಿದ್ದಾನೆ ಸರ್."

"ಶಬ್ದ ನೋಡಿಕೊಂಡು ಆಡಿ" ಎಂದು ಅವರು ಮುಂದಿನ ಕಾರ್ಡು ಕೈಗೆತ್ತಿಕೊಂಡರು.

ಅವರು ಕೆಟ್ಟ ವೈದ್ಯರಲ್ಲ. ಆ ಗದ್ದಲದಲ್ಲೂ ಸ್ಟೆತಾಸ್ಕೋಪು ಇಡದೆ ಯಾರನ್ನೂ ಕಳಿಸುತ್ತಿರಲಿಲ್ಲ. ಆದರೆ ಆ ಕೇಂದ್ರದಲ್ಲಿ ಎಲ್ಲರಿಗೂ ಒಂದು ಸಮಾಧಾನವಿತ್ತು. ನಿಯಮ ಪಾಲಿಸಿದ್ದೇವೆ, ನಮ್ಮ ಕೆಲಸ ಆಯಿತು ಎಂಬ ಸಮಾಧಾನ. ಗ್ರಿಲ್ಲಿನ ಒಳಗೆ ಕೂತು ಕೆಮ್ಮುತ್ತಿದ್ದವಳನ್ನು ಯಾವ ನಿಯಮವೂ ಏನು ಎಂದು ಕೇಳಿರಲಿಲ್ಲ. ಇನ್ನೊಂದು ತಿಂಗಳು ಕಾಯುವುದೆಂದರೆ ಆಕೆಯ ಮಟ್ಟಿಗೆ ಏನರ್ಥ ಎಂಬುದು ಆ ತೂಕದ ಕಾಲಮ್ಮು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಎಕ್ಸ್-ರೇ ಕಟ್ಟಡಕ್ಕೆ ನಡೆದು ಹೋಗುವಷ್ಟರಲ್ಲಿ ನಾನು ತೀರ್ಮಾನಿಸಿಬಿಟ್ಟಿದ್ದೆ. ಎಕ್ಸ್-ರೇ ಮುಗಿಸಿ ಆಕೆಯನ್ನು ಕರೆದುಕೊಂಡು ಬಂದೆ. ಬಾಗಿಲಲ್ಲಿ ಆತ ಎದ್ದು ನಿಂತ. "ನೀವು ಕಫದ ಡಬ್ಬಿ ತಂದು ಇಲ್ಲೇ ಕೂತಿರಿ" ಎಂದು ಕನ್ನಡದಲ್ಲಿ ಹೇಳಿದೆ. ನನ್ನ ಬಾಯಲ್ಲಿ ಕನ್ನಡ ಕೇಳಿ ಆತನ ಮುಖ ಬಿಳುಪೇರಿತು. ಆಕೆಯನ್ನು ಮಕ್ಕಳನ್ನು ನೋಡುವ ನನ್ನ ಕೋಣೆಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದೆ.

ಆ ಪಾಠವನ್ನು ನಾನು ಹಿಂದಿಯಲ್ಲಿ ನೂರಾರು ಸಲ ಹೇಳಿದ್ದೆ. ಕನ್ನಡದಲ್ಲಿ ಒಂದು ಸಲವೂ ಹೇಳಿರಲಿಲ್ಲ. ನನ್ನದೇ ಭಾಷೆಯಲ್ಲಿ ಮಾತು ಹುಡುಕಬೇಕಾಯಿತು. ನಿಮ್ಮ ರಕ್ತದಲ್ಲಿ ಒಂದು ಸೋಂಕು ಇದೆ ಎಂದು ಶುರು ಮಾಡಿ, ಅದರ ಹೆಸರು ಹೇಳಿದೆ. ಏಡ್ಸ್ ಎಂಬ ಪದವನ್ನು ಆಕೆ ಊರಿನ ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ಓದಿದ್ದಳು.

"ಅದು ಲಾರಿಯವರಿಗೆ ಬರೋದಲ್ವಾ?"

"ಯಾರಿಗೆ ಬೇಕಾದ್ರೂ ಬರುತ್ತೆ. ಬಂದವರು ತಪ್ಪು ಮಾಡಿರಬೇಕು ಅಂತೇನಿಲ್ಲ. ನೀವು ಯಾವ ತಪ್ಪೂ ಮಾಡಿಲ್ಲ."

ಆಕೆ ಅಳಲಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು. ಮೇಜಿನ ಮೇಲೆ ಮಕ್ಕಳ ಆಟಿಕೆಗಳಿದ್ದವು, ಅವನ್ನು ನೋಡುತ್ತಿದ್ದಳು. ಆಮೇಲೆ ಕೇಳಿದಳು. "ಇವರಿಗೆ ಗೊತ್ತಿತ್ತಾ?"

ಆತನ ಕಾಯಿಲೆಯ ಮಾತು ನಾನು ಆಡುವಂತಿರಲಿಲ್ಲ. "ಅದನ್ನ ಅವರನ್ನೇ ಕೇಳಬೇಕು" ಎಂದೆ.

"ಗ್ಯಾಸ್ಟ್ರಿಕ್ ಮಾತ್ರೆ" ಎಂದಳು.

ಆಮೇಲೆ ನಾನು ಮುಂದುವರಿಸಿದೆ. ಔಷಧ ಇದೆ, ಅದು ಇಲ್ಲೇ ಸಿಗುತ್ತದೆ, ನಿಮ್ಮ ಹೆಸರಿನಲ್ಲಿ ಮಂಜೂರಾಗಿದೆ, ತಗೊಂಡರೆ ತೂಕ ಬರುತ್ತದೆ, ಜ್ವರ ಬಿಡುತ್ತದೆ, ಎಷ್ಟೋ ವರ್ಷ ಬದುಕುತ್ತೀರಿ ಎಂದೆಲ್ಲ. ಆಕೆ ನಡುನಡುವೆ ಪ್ರಶ್ನೆ ಕೇಳಿದಳು. ಬಟ್ಟಲಿನಿಂದ ಹರಡುತ್ತದೆಯೇ, ಅಮ್ಮನ ಮನೆಗೆ ಹೋದರೆ ಅಣ್ಣನ ಮಗುವನ್ನು ಎತ್ತಿಕೊಳ್ಳಬಹುದೇ, ಮಾತ್ರೆಯನ್ನು ಅನ್ನಕ್ಕೆ ಮುಂಚೆ ನುಂಗಬೇಕೇ. ಕೊನೆಗೆ ತಿರುಗಿ ಹೇಳಿಸಿದೆ. ತಪ್ಪಿಲ್ಲದೆ ಹೇಳಿದಳು. ಹಿಂದಿಯಲ್ಲಿ ಮೂರು ದಿನ ಆಗದ ಪಾಠ ಒಂದು ಮಧ್ಯಾಹ್ನದಲ್ಲಿ ಆಯಿತು.

"ಈಗ ಏನು ಮಾಡಬೇಕು ಅಂತೀರಿ? ನೀವು ಹೇಳಿದ ಹಾಗೆ ಮಾಡೋಣ" ಎಂದೆ.

"ಇವರನ್ನ ಕರೀರಿ. ಆ ದೊಡ್ಡ ಡಾಕ್ಟರ ಎದುರಿಗೆ ಕರೀರಿ."

ಹೊರರೋಗಿಗಳ ಸರತಿ ಮುಗಿದು ಮುಖ್ಯ ವೈದ್ಯರು ಚಹಾ ತರಿಸಿಕೊಂಡಿದ್ದರು. ನಾವು ಮೂವರೂ ಒಳಗೆ ಹೋದೆವು. ಅವರು ನನ್ನತ್ತ ನೋಡಿದ ನೋಟದಲ್ಲಿಯೇ ನಾನು ಏನು ಮಾಡಿದ್ದೇನೆಂದು ಅವರಿಗೆ ತಿಳಿದದ್ದು ಕಾಣುತ್ತಿತ್ತು. ಆತ ಬಾಯಿ ತೆರೆಯುವ ಮುಂಚೆಯೇ ಆಕೆ ಶುರು ಮಾಡಿದಳು. ನಾನು ಒಂದೊಂದು ವಾಕ್ಯವನ್ನೂ ಹಿಂದಿಗೆ ಮಾಡುತ್ತ ಹೋದೆ.

"ನಂಗೆ ಏನು ಕಾಯಿಲೆ ಅಂತ ಇವತ್ತು ಗೊತ್ತಾಯ್ತು. ನನ್ನ ಹೆಸರಲ್ಲಿ ಕೊಟ್ಟ ಮಾತ್ರೆ ನಾನು ಒಂದು ದಿನಾನೂ ನುಂಗಿಲ್ಲ. ಇನ್ನು ಮೇಲೆ ನನ್ನ ಕೈಗೆ ಕೊಡಿ. ಇವರಿಗೆ ಬೇಕಾದರೆ ಇವರ ಹೆಸರಲ್ಲಿ ತಗೊಳ್ಳಲಿ."

ವೈದ್ಯರು ಆತನತ್ತ ತಿರುಗಿದರು. ಆತ ಹಿಂದಿಯಲ್ಲಿ ಶುರು ಮಾಡಿದ. "ಕನ್ನಡದಲ್ಲಿ ಹೇಳ್ರೀ" ಎಂದಳು ಆಕೆ. "ನಂಗೂ ಅರ್ಥ ಆಗಲಿ."

ಆತ ಕನ್ನಡದಲ್ಲಿ, ನನ್ನನ್ನು ನೋಡುತ್ತ ಹೇಳಿದ. "ಮೇಡಂ, ಇಲ್ಲಿ ಕಾರಿಡಾರಲ್ಲಿ ನಿಂತು ಹೆಸರು ಕೂಗ್ತಾರೆ. ಕಾರ್ಡಿಗೆ ಫೋಟೊ ಅಂಟಿಸ್ತಾರೆ. ಆಫೀಸಿನಲ್ಲಿ ಒಬ್ಬರಿಗೆ ಗೊತ್ತಾದ್ರೂ ನನ್ನ ಕೆಲಸ ಹೋಗುತ್ತೆ. ನಾನು ಉಳಿದರೆ ತಾನೇ ಇವಳನ್ನ ನೋಡ್ಕೊಳ್ಳೋದು?"

ಹೆಸರು ಕೂಗುತ್ತಿದ್ದದ್ದು ನಿಜ. ಪರದೆಯ ಕೋಣೆಯೂ ನಿಜ. ಆ ಭಯವನ್ನು ಅವನೊಳಗೆ ಇಟ್ಟದ್ದರಲ್ಲಿ ನಮ್ಮ ಕೇಂದ್ರದ ಪಾಲೂ ಇತ್ತು. ಆದರೆ ಅದೇ ಕಾರಿಡಾರಿನಲ್ಲಿ ಹೆಂಡತಿಯ ಹೆಸರು ಕೂಗಿಸಿ, ಹೆಂಡತಿಯ ಫೋಟೊ ಅಂಟಿಸಿ, ತಾನು ಪಕ್ಕದಲ್ಲಿ ಕೂತು ಒಳ್ಳೆಯ ಗಂಡ ಅನ್ನಿಸಿಕೊಂಡಿದ್ದನಲ್ಲ, ಅದನ್ನು ಯಾವ ಭಯಕ್ಕೆ ಕಟ್ಟುವುದು? ಆಕೆ ಸಣ್ಣಗಾಗುತ್ತಿದ್ದದ್ದನ್ನು ದಿನವೂ ನೋಡುತ್ತ ಬೆಳಿಗ್ಗೆ ಒಂದು ಸಂಜೆ ಒಂದು ನುಂಗಿದ್ದ. ಆತನ ಮಾತನ್ನೂ ಹಾಗೆಯೇ ವೈದ್ಯರಿಗೆ ಹಿಂದಿಯಲ್ಲಿ ಹೇಳಿದೆ.

ಆ ದಿನವೇ ಆಕೆಗೆ ಮಾತ್ರೆ ಕೊಡಲು ಆಗಲಿಲ್ಲ. ಎಕ್ಸ್-ರೇಯಲ್ಲಿ ಎದೆಯ ಮೇಲ್ಭಾಗ ಮಂಜು ಕವಿದಂತಿತ್ತು, ಕಫದ ಪರೀಕ್ಷೆಯಲ್ಲಿ ಕ್ಷಯ ಖಚಿತವಾಯಿತು. ಕ್ಷಯದ ಒಂದು ಔಷಧಕ್ಕೂ ನಮ್ಮ ಮೂರರಲ್ಲಿ ಒಂದಕ್ಕೂ ಹೊಂದುವುದಿಲ್ಲ. ಮೊದಲು ಕ್ಷಯಕ್ಕೆ ಚಿಕಿತ್ಸೆ ಶುರುವಾಗಿ ಮೈ ಅದಕ್ಕೆ ಒಗ್ಗಬೇಕು, ಆಮೇಲೆ ಆ ಒಂದು ಔಷಧವನ್ನು ಬದಲಿಸಿ ನಮ್ಮದನ್ನು ಕೊಡಬೇಕು. ಸಮಯಕ್ಕೆ ಮಾತ್ರೆ ಹೊಟ್ಟೆಗೆ ಹೋಗಿದ್ದರೆ ಈ ಕ್ಷಯ ಬಹುಶಃ ಬರುತ್ತಲೇ ಇರಲಿಲ್ಲ. ಈಗ ಅದೇ ಕ್ಷಯದ ಕಾರಣಕ್ಕೆ ಆಕೆ ಮತ್ತೆ ಕಾಯಬೇಕಾಯಿತು. ಈ ಮಾತನ್ನು ಆಕೆಗೆ ವಿವರಿಸಿದ್ದು ಆ ಇಡೀ ಕೆಲಸದಲ್ಲಿ ನನಗೆ ಅತಿ ಕಷ್ಟವಾದದ್ದು.

ಗಂಡನನ್ನು ಸುಮ್ಮನೆ ಬಿಟ್ಟು ಕಳಿಸುವಂತೆಯೂ ಇರಲಿಲ್ಲ. ಔಷಧ ಥಟ್ಟನೆ ನಿಲ್ಲಿಸಿದರೆ ಅವನ ಮೈಯಲ್ಲಿ ಅದು ಕೆಲಸಕ್ಕೆ ಬಾರದಂತಾಗುತ್ತಿತ್ತು. ಅವನ ರಕ್ತ ಪರೀಕ್ಷೆ, ಯಕೃತ್ತಿನ ಪರೀಕ್ಷೆ ಮಾಡಿಸಿ ಅವನ ಹೆಸರಿನಲ್ಲಿ ಕಾರ್ಡು ಮಾಡಿಸಿದೆವು. ಫೋಟೊ ಅಂಟಿಸಿದೆವು. ರಜೆಯಿಂದ ಬಂದ ಸಹೋದ್ಯೋಗಿ, "ಇವನಿಗೆ ಎಲ್ಲ ಗೊತ್ತಲ್ಲ, ಪಾಠ ಯಾಕೆ?" ಎಂದರು. ನಾನು ಮೂರೂ ಪಾಠಕ್ಕೆ ಕೂರಿಸಿದೆ. ಪ್ರತಿ ಸಲವೂ, ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಿದರೆ ಏನಾಗುತ್ತದೆ ಹೇಳಿ ಎಂದು ಕೇಳಿದೆ. ಪ್ರತಿ ಸಲವೂ ಆತ ಹೇಳಬೇಕಾಯಿತು.

ಆಕೆ ಅದೇ ಮನೆಯಲ್ಲಿ ಉಳಿದಳು. ಯಾಕೆ ಎಂದು ನಾನು ಕೇಳಲಿಲ್ಲ. ಕ್ಷಯದ ಮಾತ್ರೆಗಳನ್ನು ಮನೆಯ ಹತ್ತಿರದ ಸರ್ಕಾರಿ ಚಿಕಿತ್ಸಾಲಯದಲ್ಲಿ ಕಣ್ಣೆದುರೇ ನುಂಗಿಸುತ್ತಿದ್ದರು. ಅಲ್ಲಿಗೆ ಕೆಳಗಿನ ಮನೆಯ ಆಂಟಿಯ ಜೊತೆ ಹೋಗಲು ಶುರು ಮಾಡಿದಳು. ಕೆಲವು ವಾರಗಳಲ್ಲಿ ಜ್ವರ ಬಿಟ್ಟಿತು. ನಮ್ಮಲ್ಲಿಗೆ ಬಂದಾಗ ಔಷಧದ ಕಿಟಕಿಯಲ್ಲಿ, "ಮೇರಾ ಹೈ, ಮುಝೆ ದೀಜಿಯೇ", ನನ್ನದು, ನನಗೆ ಕೊಡಿ, ಎಂದು ಹಿಂದಿಯಲ್ಲೇ ಕೇಳಲು ಕಲಿತಿದ್ದಳು.

ಎಚ್‌ಐವಿ ಔಷಧ ಶುರು ಮಾಡುವ ದಿನ ಬಂತು. ಆಕೆಯೇ ಒಳಗೆ ಬಂದಳು, ಜೊತೆಗೆ ನಾನು. ಮುಖ್ಯ ವೈದ್ಯರು ಎದೆ ಪರೀಕ್ಷಿಸಿ, ಔಷಧ ಬರೆದು, ಕಾರ್ಡಿನಲ್ಲಿ 'ಒಂದು ಔಷಧದ ಬದಲಾವಣೆ' ಎಂದು ನಮೂದಿಸಿದರು. ಅಂದರೆ ಇಷ್ಟು ತಿಂಗಳೂ ಆಕೆ ಔಷಧ ತೆಗೆದುಕೊಳ್ಳುತ್ತಲೇ ಇದ್ದಳು, ಈಗ ಅದರಲ್ಲೊಂದು ಬದಲಾಗಿದೆ, ಅಷ್ಟೆ. ನಾನು ಮೆಲ್ಲಗೆ, "ಸರ್, ಇದು ಬದಲಾವಣೆ ಅಲ್ಲ, ಹೊಸ ಆರಂಭ" ಎಂದೆ.

"ಮೇಲಕ್ಕೆ ಕಳಿಸಿದ ವರದಿಗಳನ್ನೆಲ್ಲ ಈಗ ತಿದ್ದೋಕಾಗುತ್ತಾ? ಔಷಧ ಸಿಕ್ಕಿತಲ್ಲ, ಚಲೋ, ಕಳಿಸಿ" ಎಂದರು.

ನಾನು ಇದನ್ನು ಆಕೆಗೆ ಕನ್ನಡದಲ್ಲಿ ಹೇಳಿದೆ. ಮುಂದೆ ಎಂದಾದರೂ ಸಿಡಿ-ಫೋರ್ ಎಣಿಕೆ ಇಳಿದರೆ, ಈ ಕಾರ್ಡು ನೋಡಿದ ಯಾವ ವೈದ್ಯರಾದರೂ ಹಳೆಯ ಔಷಧ ಈಕೆಗೆ ಆಗಲೇ ಸೋತಿದೆ ಎಂದುಕೊಳ್ಳುತ್ತಾರೆ ಎಂಬುದನ್ನೂ ಹೇಳಿದೆ. ಆಕೆ ಮಾತ್ರೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿಸಿಕೊಂಡಳು.

"ನಾನು ತಿನ್ನದೇ ಇದ್ದದ್ದನ್ನ ತಿಂದಿದ್ದಾಳೆ ಅಂತ ಬರೆದಿದ್ದಾರೆ. ಅದನ್ನ ಹೊಡೆದುಹಾಕೋಕೆ ಹೇಳಿ ಅಕ್ಕ."

ಒಂದು ಪದವನ್ನೂ ಬಿಡದೆ ಹಿಂದಿಯಲ್ಲಿ ಹೇಳಿದೆ. ವೈದ್ಯರು ಆಮೇಲೆ ನೋಡೋಣ ಎಂದರು. ಅದನ್ನೂ ಆಕೆಗೆ ಹೇಳಿದೆ. ಆಕೆ ಕುರ್ಚಿಯಿಂದ ಏಳಲಿಲ್ಲ. ಹೊರಗೆ ಮುಂದಿನವರ ಹೆಸರು ಕೂಗಿದರು, ಒಬ್ಬರು ಬಾಗಿಲಲ್ಲಿ ಇಣುಕಿ ಹೋದರು, ಮತ್ತೊಬ್ಬರು ಇಣುಕಿದರು. ವೈದ್ಯರು ನನ್ನತ್ತ ನೋಡಿದರು, ಎಬ್ಬಿಸಿ ಎಂಬಂತೆ. ನಾನು ಕದಲಲಿಲ್ಲ.

ಕೊನೆಗೆ ಅವರು ಕಾರ್ಡನ್ನು ಎಳೆದುಕೊಂಡರು. ಒಂದೊಂದು ತಿಂಗಳಿನ ಸಾಲಿನ ಮೇಲೂ ಗೆರೆ ಎಳೆದು, ಪಕ್ಕದಲ್ಲಿ 'ರೋಗಿ ಸೇವಿಸಿಲ್ಲ' ಎಂದು ಬರೆದು, ಪ್ರತಿ ಸಾಲಿಗೂ ಸಹಿ ಹಾಕಿದರು. ಆಕೆಗೆ ಆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಪ್ರತಿ ಸಾಲನ್ನೂ ಬೆರಳಿಟ್ಟು ನನ್ನಿಂದ ಓದಿಸಿಕೊಂಡಳು. ಎಲ್ಲ ಮುಗಿದ ಮೇಲೆ ಎದ್ದಳು.